ಅಂಬುಜಾ ಆಂಟಿಯ ಬಿಲ್ ಭಾನುವಾರ

ಅಂಬುಜಾ ಆಂಟಿ ಹೊರಟುಹೋದರೆ ನಿಹಾರಿಕಾಳನ್ನು ಯಾರು ಮಲಗಿಸುತ್ತಾರೆ? ಎರಡು ವಾರದಿಂದ ನನ್ನ ತಲೆಯಲ್ಲಿ ಇದೊಂದೇ. ಹಾಲು ಉಕ್ಕಿದಾಗಲೂ ಇದೇ, ಟ್ರಾಮಿನಲ್ಲಿ ಕೂತಾಗಲೂ ಇದೇ, ಆಫೀಸಿನಲ್ಲಿ ಯಾರೋ ಏನೋ ಕೇಳಿ ಉತ್ತರಕ್ಕಾಗಿ ನನ್ನ ಮುಖ ನೋಡುತ್ತಿರುವಾಗಲೂ ಇದೇ. ಮಗಳಿಗಿನ್ನೂ ಒಂದೂವರೆ ವರ್ಷ. ನಾನು ಮಲಗಿಸಿದರೆ ಮಲಗುವುದಿಲ್ಲ. ನನ್ನ ಗಂಡ ಶರಣ್ ಮಲಗಿಸಲು ಹೋದರೆ ಶರಣ್‌ನೇ ಮಲಗಿಬಿಡುತ್ತಾನೆ. ಆಂಟಿ ಮಾತ್ರ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು, ಅಂಗಡಿಯ ಬಿಲ್ಲೊಂದನ್ನು ಎದುರಿಗೆ ಹಿಡಿದು, ರಾಗವಾಗಿ ಓದುತ್ತಾರೆ: "ಸೋಪಿನ ಪುಡೀ... ಪ್ಲಾಸ್ಟಿಕ್ ಡಬ್ಬೀ... ಬಲ್ಬು ಎರಡೂ..." ಬಿಲ್ಲು ಮುಗಿಯುವುದರೊಳಗೆ ಮಗುವಿಗೆ ನಿದ್ದೆ. ನಾನೂ ಅದೇ ಬಿಲ್ಲನ್ನು ಅದೇ ರಾಗದಲ್ಲಿ ಓದಿ ನೋಡಿದೆ. ಕಿತ್ತುಕೊಂಡು ತಿಂದಳು.

ಆಂಟಿ ನನಗೆ ಸಿಕ್ಕಿದ್ದು ಇಲ್ಲಿ ಇಂಗ್ಲೆಂಡಿನಲ್ಲಿ, ನಾಟಿಂಗ್‌ಹ್ಯಾಮ್ ಪಕ್ಕದ ಬೀಸ್ಟನ್‌ನ ನಮ್ಮ ಡಾಕ್ಟರ ಕ್ಲಿನಿಕ್ಕಿನಲ್ಲಿ. ಮಗುವಿಗೆ ಸೂಜಿ ಹಾಕಿಸಿ, ಅವಳ ಜೊತೆ ನಾನೂ ಅಳುತ್ತಾ ಕೂತಿದ್ದೆ. ಎದುರಿನ ಕುರ್ಚಿಯಿಂದ ಯಾರೋ ಜೋರಾಗಿ ಕನ್ನಡದಲ್ಲಿ ಕೇಳಿದರು: "ಸೂಜಿ ಚುಚ್ಚಿದ್ದು ಯಾರಿಗಮ್ಮಾ, ನಿನಗೋ ಮಗೂಗೋ?" ಕಿವಿ ತೋರಿಸಲು ಬಂದಿದ್ದ ಅವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಇಡೀ ಕೋಣೆ ನಮ್ಮತ್ತ ತಿರುಗಿತು. ಅಂದಿನಿಂದ ನನ್ನ ಕೆಲಸದ ದಿನಗಳಲ್ಲಿ ಎರಡು ಸ್ಟಾಪು ಟ್ರಾಮಿನಲ್ಲಿ ಬಂದು ಮಗುವನ್ನು ನೋಡಿಕೊಳ್ಳುತ್ತಾರೆ. ಏನಾದರೂ ಕೊಡುತ್ತೇನೆ ಎಂದರೆ, "ಬಿಲ್ ಕೊಡ್ತೀಯಾ? ಹಾಗಾದ್ರೆ ಕೊಡು" ಎಂದು ನಗುತ್ತಾರೆ.

ಆ ನಗು ನನಗೆ ಅರ್ಥವಾಗಲು ತಿಂಗಳುಗಳೇ ಬೇಕಾದವು. ಮೈಸೂರಿನ ಅಂಬುಜಾ ಮದುವೆಯಾಗಿ ಹೋದದ್ದು ಟೆಕ್ಸಸ್‌ನ ಹ್ಯೂಸ್ಟನ್‌ಗೆ. ಗಂಡ ಉಮಾಶಂಕರ ಪೈಪ್‌ಲೈನ್ ಇಂಜಿನಿಯರ್. ಅಮೆರಿಕದಲ್ಲಿ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುವಾಗ, ತಮ್ಮ ರಾಜ್ಯಕ್ಕೂ ಊರಿಗೂ ಕಟ್ಟಿದ ತೆರಿಗೆಯನ್ನು ಒಂದು ಮಿತಿಯೊಳಗೆ ಆದಾಯದಿಂದ ಕಳೆಯಬಹುದಂತೆ. ರಾಜ್ಯದ ಆದಾಯ ತೆರಿಗೆಯನ್ನಾದರೂ ಕಳೆಯಬೇಕು, ಇಲ್ಲವೇ ಅಂಗಡಿಯಲ್ಲಿ ಕಟ್ಟಿದ ಮಾರಾಟ ತೆರಿಗೆಯನ್ನಾದರೂ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ, ಹಾಗಾಗಿ ಅಲ್ಲಿನವರಿಗೆ ಉಳಿಯುವುದು ಮಾರಾಟ ತೆರಿಗೆ. ಅದಕ್ಕೂ ಬಿಲ್ಲು ಗುಡ್ಡೆ ಹಾಕಿಕೊಂಡು ಕೂರಬೇಕಾಗಿಲ್ಲ. ಆದಾಯ ಎಷ್ಟು, ಮನೆಮಂದಿ ಎಷ್ಟು ಎಂದು ನೋಡಿ ಅಂದಾಜು ಮೊತ್ತ ಬರೆದುಕೊಳ್ಳಲು ಸರ್ಕಾರವೇ ಒಂದು ಕೋಷ್ಟಕ ಕೊಟ್ಟಿದೆ.

ಅಂಕಲ್ ಪ್ರತಿ ವರ್ಷ ಅದನ್ನೇ ಹೇಳುತ್ತಿದ್ದರಂತೆ. "ಎರಡು ನಿಮಿಷದ ಕೆಲಸ ಕಣೇ."

"ಎರಡು ನಿಮಿಷದಲ್ಲಿ ಮುಗಿದುಹೋದ್ರೆ ಮಹಾದೇವಿ ನಮ್ಮನೆಗೆ ಯಾಕ್ರೀ ಬರ್ತಾಳೆ?" ಎಂದು ಆಂಟಿ, ತಮ್ಮ ಗೆಳತಿಯ ಹೆಸರೆತ್ತಿ.

ಹೀಗೆ ಹುಟ್ಟಿದ್ದು ಬಿಲ್ ಭಾನುವಾರ. ಫೆಬ್ರವರಿಯ ಒಂದು ಭಾನುವಾರ ಹ್ಯೂಸ್ಟನ್‌ನ ಐದಾರು ಕನ್ನಡದ ಹೆಂಗಸರು, ವರ್ಷವಿಡೀ ಬಿಲ್ಲು ತುಂಬಿಟ್ಟ ಬೂಟಿನ ಡಬ್ಬಗಳನ್ನು ಹೊತ್ತು ಆಂಟಿಯ ಮನೆಗೆ ಬರುತ್ತಿದ್ದರು. ಒಬ್ಬರು ಓದುವುದು, ಒಬ್ಬರು ಕೂಡುವುದು, ಉಳಿದವರು ಒಗ್ಗರಣೆ ಅವಲಕ್ಕಿ ತಿನ್ನುತ್ತಾ ಬಾಯಿ ಹಾಕುವುದು. ಅಕ್ಕಿ ಬೇಳೆಗೆ ಅಲ್ಲಿ ತೆರಿಗೆಯಿಲ್ಲ, ಅವು ಆಚೆಗೆ. ಕುಕ್ಕರು, ಪರದೆ, ಮಕ್ಕಳ ಬೂಟು ಈಚೆಗೆ. "ಒಂದೇ ವರ್ಷಕ್ಕೆ ಮೂರು ಮಿಕ್ಸಿ ಏನ್ರೀ, ಹೋಟೆಲ್ ಇಟ್ಟಿದೀರಾ?" ಎಂದು ಒಬ್ಬರು. "ಈ ಪರ್ಫ್ಯೂಮು ಯಾರಿಗೆ ಅಂತ ನಿಮ್ಮ ಯಜಮಾನ್ರನ್ನ ಕೇಳಿದ್ರಾ?" ಎಂದು ಇನ್ನೊಬ್ಬರು. ಆಗಸ್ಟ್‌ನಲ್ಲಿ ಒಂದು ವಾರಾಂತ್ಯ ಟೆಕ್ಸಸ್‌ನಲ್ಲಿ ಬಟ್ಟೆ, ಬೂಟಿಗೆ ತೆರಿಗೆ ತೆಗೆಯುತ್ತಾರೆ. ಧಾರವಾಡದ ಮಹಾದೇವಿ ಮಕ್ಕಳ ಬಟ್ಟೆಯನ್ನೆಲ್ಲಾ ಅಂದೇ ಕೊಂಡು, ಫೆಬ್ರವರಿಯಲ್ಲಿ ಡಬ್ಬ ತೆರೆದು, "ಅಯ್ಯ, ಇದರಾಗ ಕಳಿಯಾಕ ಏನೂ ಇಲ್ಲಲ್ಲವಾ" ಎಂದು ಗೋಳಾಡುತ್ತಿದ್ದರಂತೆ. ಮುಂದಿನ ಆಗಸ್ಟ್‌ನಲ್ಲೂ ಮತ್ತೆ ಅದೇ.

ಉಮಾಶಂಕರ ಅಂಕಲ್ ತೀರಿಕೊಂಡ ಮೇಲೆ ಆ ಮನೆ ಮಾರಿಹೋಯಿತು. ಮಗ ಪ್ರಣವ್ ಆಂಟಿಯನ್ನು ಇಲ್ಲಿಗೆ, ನಾಟಿಂಗ್‌ಹ್ಯಾಮ್‌ಗೆ ಕರೆತಂದ. ಒಳ್ಳೆಯ ಹುಡುಗ. ಅಮ್ಮನಿಗೆ ಬಿಸಿಲು ಬೀಳುವ ಕೋಣೆಯನ್ನೇ ಕೊಟ್ಟಿದ್ದಾನೆ. ಹಾಗೆಂದು ಇಲ್ಲಿ ಬಿಸಿಲಾದರೂ ಎಷ್ಟು ಬೀಳುತ್ತದೆ! ಆಂಟಿ ಅಮೆರಿಕದ ಪ್ರಜೆಯಾದ್ದರಿಂದ ಎಲ್ಲಿದ್ದರೂ ಆ ರಿಟರ್ನ್ ತಪ್ಪುವುದಿಲ್ಲ. ಪ್ರಣವ್ ಅದನ್ನು ಲ್ಯಾಪ್‌ಟಾಪಿನಲ್ಲಿ ಊಟ ಮಾಡುತ್ತಲೇ ಮುಗಿಸುತ್ತಾನೆ. "ಮನೆ ಮಾರಿದ ಮೇಲೆ ಎಲ್ಲರಿಗೂ ಕೊಡೋ ಸ್ಟ್ಯಾಂಡರ್ಡ್ ಡಿಡಕ್ಷನ್ನೇ ಲಾಭ ಅಮ್ಮಾ. ಬಿಲ್ಲು ಗಿಲ್ಲು ಯಾವುದೂ ಬೇಡ."

ಆದರೂ ಆಂಟಿ ಇಲ್ಲಿನ ಅಂಗಡಿಗಳಲ್ಲಿ ಬಿಲ್ಲು ಕೇಳಿ ಪಡೆದು, ಮಡಚಿ, ಒಂದು ಚೀಲಕ್ಕೆ ಹಾಕಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ಎರಡು ವಾರದ ಹಿಂದಿನ ಭಾನುವಾರ ಆ ಚೀಲವನ್ನು ಹಿಡಿದು ನಮ್ಮ ಮನೆಗೆ ಬಂದರು. ಜೊತೆಗೆ ಒಗ್ಗರಣೆ ಅವಲಕ್ಕಿಯ ಡಬ್ಬಿ. ಕಾರ್ಪೆಟ್ಟಿನ ಮೇಲೆ ಚೀಲ ಸುರಿದು, "ಓದು ನೇತ್ರಾ. ನಾನು ಕೂಡ್ತೀನಿ" ಎಂದರು.

ಓದಿದೆ. ಕೆಟಲ್, ಕೊಡೆ, ಮತ್ತೊಂದು ಕೊಡೆ. "ಎಷ್ಟು ಕೊಡೆ ಆಂಟಿ, ಮಳೆಯನ್ನೇ ಬಾಡಿಗೆಗೆ ತಗೊಂಡಿದೀರಾ?" ಎಂದೆ. ಆಂಟಿ ಎಷ್ಟು ನಕ್ಕರೆಂದರೆ ಕಿವಿಯ ಮೆಷಿನ್ನು ಕಳಚಿ ಅವಲಕ್ಕಿಯೊಳಗೆ ಬಿತ್ತು. ಅದನ್ನು ಒರೆಸಿ ಹಾಕಿಕೊಳ್ಳುತ್ತಾ ಕೇಳಿದರು: "ಇದರಲ್ಲಿ ವ್ಯಾಟ್ ಅಂತ ಹಾಕಿದಾರಲ್ಲ, ಅದೂ ಸೇಲ್ಸ್ ಟ್ಯಾಕ್ಸೇ ತಾನೆ? ಕಳೀಬಹುದು ಅಲ್ವಾ? ಪ್ರಣವ್‌ಗೆ ಪುರುಸೊತ್ತಿಲ್ಲ, ನೀನೇ ನೋಡಿ ಹೇಳು."

ಅನುಮಾನ ಬಂದರೆ ನೋಡದೆ ಇರಲು ನನ್ನಿಂದ ಆಗುವುದಿಲ್ಲ. ಫೋನಿನಲ್ಲಿ ಹುಡುಕಿದೆ. ಕಳೆಯಬಹುದಾದದ್ದು ಅಲ್ಲಿನ ರಾಜ್ಯಕ್ಕೆ, ಅಲ್ಲಿನ ಊರಿಗೆ ಕಟ್ಟಿದ ತೆರಿಗೆ ಮಾತ್ರ. ಇಲ್ಲಿನ ವ್ಯಾಟ್ ಲೆಕ್ಕಕ್ಕಿಲ್ಲ. ಕೋಷ್ಟಕದಿಂದಲಾದರೂ ಏನಾದರೂ ಬರಬಹುದೇ ಎಂದು ನೋಡಿದರೆ, ಆ ರಾಜ್ಯದಲ್ಲಿ ವರ್ಷಕ್ಕೆ ಎಷ್ಟು ದಿನ ವಾಸವಿದ್ದಿರಿ ಎಂದು ಅದು ಮೊದಲು ಕೇಳುತ್ತದೆ.

"ಇಲ್ಲ ಆಂಟಿ" ಎಂದೆ. "ಇಲ್ಲಿಯದು ನಡೆಯಲ್ಲವಂತೆ. ಟೆಕ್ಸಸ್‌ನಲ್ಲಿ ಎಷ್ಟು ದಿನ ಇದ್ರಿ ಅಂತ ಕೇಳ್ತಿದೆ."

"ಸೊನ್ನೆ ಹಾಕು." ಕೈಯಲ್ಲಿದ್ದ ಕೊಡೆಯ ಬಿಲ್ಲನ್ನು ಮಡಚಿ ಚೀಲಕ್ಕೆ ಹಾಕಿದರು. "ಹಾಗಾದ್ರೆ ವರ್ಷಾನುಗಟ್ಲೆ ನಾನು ಏನೂ ಕೊಂಡೇ ಇಲ್ಲ ಅಂತಾಯ್ತು."

ಆಮೇಲೆ ಹೇಳಿದರು. ವಾಪಸ್ ಹ್ಯೂಸ್ಟನ್‌ಗೇ ಹೋಗಬೇಕೆನಿಸಿದೆ, ಅಲ್ಲಿ ಮಹಾದೇವಿಯ ಮನೆಯ ಕೆಳಗಿನ ರೂಮು ಖಾಲಿಯಿದೆ. ಬಾ ಎಂದು ಹಿಂದೊಮ್ಮೆ ಬಾಯಿಮಾತಿಗೆ ಕರೆದಿದ್ದಳು. ಈಗಲೂ ಆ ಮಾತು ಉಂಟೋ ಇಲ್ಲವೋ ತಿಳಿಯಬೇಕು. "ವಾಟ್ಸ್ಯಾಪ್‌ನಲ್ಲಿ ಕೇಳಿದ್ರೆ ದಾಕ್ಷಿಣ್ಯಕ್ಕೆ ಬಾ ಅಂತ ಬರೀತಾಳೆ. ಫೋನಲ್ಲಿ ನನಗೆ ಮಾತು ಕೇಳಿಸುತ್ತೆ, ದನಿ ಕೇಳಿಸಲ್ಲ. ನೀನು ಫೋನ್ ಮಾಡಿ ಕೇಳು. ಅವಳ ದನಿ ಹೇಗಿತ್ತು ಅಂತ ನನಗೆ ಹೇಳು. ತಡವರಿಸಿದ್ರೆ ಬೇಡ, ಇಲ್ಲೇ ಇದ್ದುಬಿಡ್ತೀನಿ. ಪ್ರಣವ್‌ಗೆ ಆಮೇಲೆ ನಾನೇ ಹೇಳ್ತೀನಿ."

"ಆಯ್ತು ಆಂಟಿ" ಎಂದೆ. ಫೋನ್ ಮಾತ್ರ ಮಾಡಲಿಲ್ಲ.

ನರ್ಸರಿಗೆ ಹೆಸರು ಬರೆಸಿದ್ದೇನೆ, ಸರದಿ ಬರುವ ಸೂಚನೆಯಿಲ್ಲ. ಶರಣ್ ಆಸ್ಪತ್ರೆಯ ಡ್ಯೂಟಿ ರೋಟಾದಲ್ಲಿ ಯಾವ ದಿನ ಮನೆಯಲ್ಲಿರುತ್ತಾನೋ ಅವನಿಗೇ ಗೊತ್ತಿಲ್ಲ. "ನಿನ್ನ ಚಿಂತೆಗೂ ಒಂದು ರೋಟಾ ಹಾಕಿಕೊಡ್ತೀನಿ, ವಾರಕ್ಕೆರಡು ದಿನ ರಜಾ ತಗೋ" ಎಂದು ಅವನು ತಮಾಷೆ ಮಾಡುತ್ತಾನೆ. ನಾನು ಮನಸ್ಸಿನಲ್ಲೇ ವಾಕ್ಯವೊಂದನ್ನು ಸಿದ್ಧಮಾಡುತ್ತಿದ್ದೆ: "ನಿಮಗೆ ತೊಂದರೆ ಆಗುವುದಾದರೆ ಖಂಡಿತಾ ಬೇಡ..." ಹೀಗೆ ಶುರುಮಾಡಿದರೆ ಎಂಥವರೂ ಒಂದು ಕ್ಷಣ ತಡವರಿಸುತ್ತಾರೆ. "ತಡವರಿಸಿದರು, ಆಂಟಿ" ಎಂದು ಬಂದು ಹೇಳಿದರೆ ಅದು ಸುಳ್ಳಾಗುವುದಿಲ್ಲ. ಆಂಟಿ ಇಲ್ಲೇ ಇರುತ್ತಾರೆ. ನಿಹಾರಿಕಾ ಮಲಗುತ್ತಾಳೆ.

ಇವತ್ತು ನನಗೆ ರಜೆ. ಆದರೂ ಆಂಟಿ ಬಂದರು. ಫೋನ್ ಮಾಡಿದೆಯಾ ಎಂದು ಕೇಳಲಿಲ್ಲ, ಇಷ್ಟು ದಿನದಲ್ಲಿ ಒಮ್ಮೆಯೂ ಕೇಳಿಲ್ಲ. ರಬ್ಬರ್ ಬ್ಯಾಂಡ್ ಹಾಕಿದ ಬಿಲ್ಲುಗಳ ಒಂದು ಕಟ್ಟನ್ನು ನನ್ನ ಕೈಗಿಟ್ಟರು. "ಉದ್ದವಾಗಿರೋದನ್ನೇ ಆರಿಸಿದೀನಿ. ನಿಧಾನವಾಗಿ ಓದು. ಬಿಸ್ಕತ್ತು ಬಂದ್ರೆ ಹಾರಿಸಿಬಿಡು, ಎದ್ದು ಕೂತ್ಕೋತಾಳೆ ಕಳ್ಳಿ." ಆಮೇಲೆ ಮಗುವನ್ನು ತೊಡೆಗೆ ಹಾಕಿಕೊಂಡರು. ಮಗು ಮಲಗಿದ ಮೇಲೂ ಕಿಟಕಿಯ ಕಡೆ ನೋಡುತ್ತಾ ಮೆಲ್ಲಗೆ ಓದುತ್ತಲೇ ಇದ್ದರು. ಅವರ ಕೈಯಲ್ಲಿ ಬಿಲ್ಲೇ ಇರಲಿಲ್ಲ. "ಕರ್ಟನ್ನು ಎರಡೂ... ಕುಕ್ಕರ್ ಗ್ಯಾಸ್ಕೆಟ್ಟೂ... ಅವರಿಗೆ ಚಪ್ಪಲೀ..." ನಾಟಿಂಗ್‌ಹ್ಯಾಮ್‌ನಲ್ಲಿ ಕೊಂಡದ್ದು ಅದರಲ್ಲಿ ಒಂದೂ ಇರಲಿಲ್ಲ.

ನಾನು ಅಡುಗೆಮನೆಗೆ ಹೋದೆ. ಇಲ್ಲಿ ಮಧ್ಯಾಹ್ನ, ಅಲ್ಲಿ ಬೆಳಗಿನ ಕಾಫಿಯ ಹೊತ್ತು. ಮಹಾದೇವಿಯ ನಂಬರ್ ಒತ್ತಿದೆ.

"ಹಲೋ, ಯಾರು?"

"ನಾನು ನೇತ್ರಾ ಅಂತ, ನಾಟಿಂಗ್‌ಹ್ಯಾಮ್‌ನಿಂದ. ಅಂಬುಜಾ ಆಂಟಿ..."

"ಅಂಬುಜಕ್ಕಗ ಏನಾತು?"

"ಏನೂ ಆಗಿಲ್ಲ, ಆರಾಮಾಗಿದ್ದಾರೆ."

"ಹಂಗಂತ ಮೊದಲ ಹೇಳಬೇಕಿಲ್ಲೇನವಾ! ನನ್ನ ಎದಿ ಧಸಕ್ಕಂತು."

ಸಿದ್ಧಮಾಡಿಟ್ಟ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ನಡುಮನೆಯಲ್ಲಿ ಆಂಟಿಯ ರಾಗ ಇನ್ನೂ ನಿಂತಿರಲಿಲ್ಲ.

"ಆಂಟಿ ಅಲ್ಲಿಗೇ ವಾಪಸ್ ಬರಬೇಕು ಅಂತಿದ್ದಾರೆ" ಎಂದೆ. "ನಿಮ್ಮ ಕೆಳಗಿನ ರೂಮಿಗೆ."

ಆ ಕಡೆ ಫೋನು ಎಲ್ಲೋ ಠಕ್ಕೆಂದು ಬಿದ್ದ ಸದ್ದು, ಅದರ ಹಿಂದೆಯೇ ಮನೆಯೊಳಗೆ ದೂರ ದೂರ ಓಡುತ್ತಿರುವ ದನಿ:

"ರೀ! ಏಳ್ರೀ ಮ್ಯಾಲ! ಕೆಳಗಿನ ರೂಮಿನ್ಯಾಗಿಂದ ಆ ನಿಮ್ಮ ಟ್ರೆಡ್‌ಮಿಲ್ ತಗೀರಿ, ಅಂಬುಜಕ್ಕ ಬರಾಕತ್ತಾಳ!"