ಮಲಗ್ಯಾರ ಎನ್ನುತ್ತಿದ್ದ ಎಸ್ತರಬಾಯಿ

ಕಳೆದ ವರ್ಷ ಈಸ್ಟರ್ ಭಾನುವಾರ, ಸೂರ್ಯ ಹುಟ್ಟುವ ಮೊದಲು, ಇಂಡಿ ಪಟ್ಟಣದ ಕ್ರೈಸ್ತ ಸ್ಮಶಾನದಲ್ಲಿ ಸುಮಾರು ಮೂವತ್ತು ಮಂದಿ ಸೇರಿದ್ದರು. ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚಿದರು, ಹಾಡಿದರು, ಬಿಸಿಲೇರುವುದರೊಳಗೆ ಚದುರಿದರು. ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಬಂದು ಮುಳ್ಳು ಕಿತ್ತು ಕಸ ಗುಡಿಸುತ್ತಿದ್ದ ಎಸ್ತರಬಾಯಿ ಬರಲಿಲ್ಲ. ಅಲ್ಲಿನ ಹೊಸ ಸಮಾಧಿ ಅವರ ಮಗನದು.

ಎಸ್ತರಬಾಯಿ ಇಂಡಿಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ನಾನು ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಹೆದ್ದಾರಿಯಲ್ಲಿ ಅಪಘಾತವಾಯಿತೆಂದರೆ ನಾನು ಮೊದಲು ಫೋನ್ ಮಾಡುತ್ತಿದ್ದುದು ಅವರಿಗೆ. ಗಿಡ್ಡ ಆಳು, ದೊಡ್ಡ ದನಿ. ವಾರ್ಡಿನ ಒದ್ದೆ ನೆಲದಲ್ಲಿ ಜಾರಬಾರದೆಂದು ಗಂಡಸರ ರಬ್ಬರ್ ಚಪ್ಪಲಿ ಹಾಕುತ್ತಿದ್ದರು. ಆ ಚಪ್ಪಲಿಯ ಸಪ್ಪಳ ಕೇಳಿದರೆ ಬೀಡಿ ಸೇದುವವರು ಕಿಟಕಿಯಿಂದ ಬೀಡಿ ಎಸೆಯುತ್ತಿದ್ದರು.

‘ಸತ್ತ’ ಎಂಬ ಶಬ್ದ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಯಾರೇ ತೀರಿಕೊಂಡರೂ ‘ಮಲಗ್ಯಾರ’ ಎನ್ನುತ್ತಿದ್ದರು. ಅದು ಅವರ ಚರ್ಚಿನವರ ರೂಢಿ. ಯೇಸು ಸತ್ತ ಮೂರನೇ ದಿನ ಎದ್ದಂತೆ, ಮಲಗಿದವರೂ ಒಂದು ದಿನ ಏಳುತ್ತಾರೆ ಎಂಬ ನಂಬಿಕೆಯಿಂದ ಬಂದ ಮಾತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗಿದು ಗೊತ್ತಿರಲಿಲ್ಲ. ಒಂದು ಸಂಜೆ ಜೀಪು ಉರುಳಿದ ಸುದ್ದಿಗೆ ಫೋನ್ ಮಾಡಿದಾಗ, “ಇಬ್ರು ಮಲಗ್ಯಾರ, ಮೂರು ಮಂದಿಗೆ ಪಟ್ಟಿ ಕಟ್ಟೇವಿ,” ಎಂದರು. ಐವರಿಗೆ ಗಾಯ ಎಂದು ಬರೆದೆ. ಪತ್ರಿಕೆ ಬಂದ ದಿನವೇ ಸಾಲೋಟಗಿಯಲ್ಲಿ ಅವರಲ್ಲಿ ಇಬ್ಬರ ಅಂತ್ಯಕ್ರಿಯೆ ನಡೆಯಿತು. ಮರುದಿನ ತಿದ್ದುಪಡಿ ಹಾಕಬೇಕಾಯಿತು. ನಾನು ಆಸ್ಪತ್ರೆಗೆ ಹೋಗಿ ಜಗಳ ತೆಗೆದೆ.

“ಬಾಯಾರ, ಸತ್ತಾರ ಅಂತ ನೆಟ್ಟಗ ಹೇಳಾಕ ಏನಾಗಿತ್ರಿ?”

“ಏ ಪೇಪರ್ ತಮ್ಮಾ, ಇಷ್ಟೂ ತಿಳೀದವಗ ಪೇಪರಿನ್ಯಾಗ ಯಾರ ಕೆಲಸ ಕೊಟ್ರು?” ಎಂದು ನಕ್ಕರು. “ತಿದ್ದುಪಡಿ ಹಾಕಿದ್ರ ನಾಚಿಕಿ ಯಾಕ? ನಮ್ಮ ದೇವ್ರೂ ಮೂರನೇ ದಿವ್ಸಕ್ಕ ತಿದ್ದುಪಡಿ ಹಾಕ್ಯಾನ. ಅದಕ್ಕs ಈಸ್ಟರ್ ಅಂತಾರ.”

ಅಂದಿನಿಂದ ನಾನೂ ಅವರ ಮಾತಿನಲ್ಲೇ ವಿಚಾರಿಸತೊಡಗಿದೆ.

ಈಸ್ಟರ್ ದಿನ ಅವರು ರಜೆ ಹಾಕುತ್ತಿರಲಿಲ್ಲ. ಸ್ಮಶಾನದಿಂದ ನೇರ ವಾರ್ಡಿಗೆ ಬಂದು, ಡಬ್ಬಿಯಲ್ಲಿ ತಂದ ಶೇಂಗಾ ಹೋಳಿಗೆಯನ್ನು ಎಲ್ಲರಿಗೂ ಹಂಚುತ್ತಿದ್ದರು. ಒಂದು ಸಲ, ಕಾಲು ಮುರಿದುಕೊಂಡು ಬಂದಿದ್ದ ಯಂಕಂಚಿಯ ಮುದುಕನ ಹೊದಿಕೆ ಎಳೆದು, “ಯಜ್ಜಾ, ನಮ್ಮ ಯೇಸಪ್ಪ ಇವತ್ತ ಎದ್ದಾನ. ನೀನೂ ಏಳು,” ಎಂದರು.

“ನಿಮ್ಮ ಯೇಸಪ್ಪಗ ಮೂರು ದಿನ ಸಾಕಾತು ಬಿಡವಾ,” ಎಂದ ಮುದುಕ. “ನನಗ ಡಾಕ್ಟರು ಆರು ವಾರ ಅಂದಾರ.”

ವಾರ್ಡಿಗೆ ವಾರ್ಡೇ ನಕ್ಕಿತು. ಎಸ್ತರಬಾಯಿ ಅವನಿಗೆ ಇನ್ನೊಂದು ಹೋಳಿಗೆ ಕೊಟ್ಟರು. ಗಂಡ ತೀರಿಕೊಂಡ ವರ್ಷವೂ ಅವರು ಡಬ್ಬಿ ತಂದಿದ್ದರು.

ಮಗ ದಾನಿಯೇಲ ಒಬ್ಬನೇ. ಇಂಡಿಯಲ್ಲಿ ಫ್ರಿಜ್ ರಿಪೇರಿ ಮಾಡುತ್ತಿದ್ದ. ವಯಸ್ಸು ಮೂವತ್ತೊಂದು, ಮದುವೆ ಗೊತ್ತಾಗಿತ್ತು. ಕಳೆದ ವರ್ಷದ ಈಸ್ಟರ್‌ಗೆ ಮುಂಚಿನ ಚಳಿಗಾಲದ ಒಂದು ಮಧ್ಯಾಹ್ನ ಝಳಕಿ ಬಳಿ ಲಾರಿಯೊಂದು ಬೈಕಿಗೆ ಗುದ್ದಿದೆ ಎಂಬ ಸುದ್ದಿ ಬಂತು. ಬೈಕಿನವನು ಯಾರೆಂದು ಗೊತ್ತಿರಲಿಲ್ಲ. ಎಂದಿನಂತೆ ಫೋನ್ ಮಾಡಿದೆ.

“ಬಾಯಾರ, ಝಳಕಿ ಕೇಸು ಬಂತೇನ್ರಿ?”

“ಬಂದೈತಿ. ಬರಕೋ.” ಅವರು ಹೆಸರು ಹೇಳಿದರು, ವಯಸ್ಸು ಹೇಳಿದರು. ನನ್ನ ಪೆನ್ನು ಹೆಸರಿನ ಮೇಲೆ ನಿಂತಿತು. ಏನು ಕೇಳಬೇಕೋ ತಿಳಿಯದೆ, ರೂಢಿಯ ಪ್ರಶ್ನೆಯನ್ನೇ ಕೇಳಿಬಿಟ್ಟೆ.

“ಮಲಗ್ಯಾನೇನ್ರಿ?”

“ಇಲ್ಲ. ಸತ್ತಾನ. ಸತ್ತಾನ ಅಂತs ಬರಿ.”

ಮಗನ ಮೈಯನ್ನು ಅವರೇ ತೊಳೆದರು, ಬೇರೆಯವರಿಗೆ ಮುಟ್ಟಗೊಡಲಿಲ್ಲ. ಮಣ್ಣು ಕೊಡುವಾಗ ಪಾಸ್ಟರು, “ನಮ್ಮ ಸಹೋದರ ಕರ್ತನಲ್ಲಿ ನಿದ್ರಿಸಿದ್ದಾನೆ,” ಎಂದು ಓದತೊಡಗಿದರು. ಎಸ್ತರಬಾಯಿ ಕೈ ಎತ್ತಿ ತಡೆದರು. “ಎಷ್ಟೋ ಮಂದಿ ತಾಯಂದಿರಿಗೆ ನಾನು ಇದನ್ನs ಹೇಳೇನ್ರಿ ಪಾಸ್ಟರ್ರ. ಅವ್ರು ಸುಮ್ನ ಕೇಳಿದ್ರು, ಪಾಪ. ನನಗ ಹೇಳಬ್ಯಾಡ್ರಿ.” ಪಾಸ್ಟರು ಪುಸ್ತಕ ಮುಚ್ಚಿದರು. ಉಳಿದದ್ದು ಗುದ್ದಲಿಯ ಸಪ್ಪಳ.

ಮೂರನೇ ದಿನ ಅವರ ಮನೆಗೆ ಹೋದೆ. ಆ ವಾರದ ಪತ್ರಿಕೆಗಳೆಲ್ಲ ಹೊರಸಿನ ಮೇಲೆ ಇದ್ದವು.

“ಇವತ್ತಿಂದೂ ಪೂರಾ ಓದೀನಿ ತಮ್ಮಾ,” ಎಂದರು. “ತಿದ್ದುಪಡಿ ಬಂದಿಲ್ಲ.”

 ಆ ಮಾತು ನನಗೆ ಹೇಳಿದ್ದಲ್ಲ.

ನಿವೃತ್ತಿಗೆ ಇನ್ನೂ ಅವಧಿ ಇತ್ತು. ಅವರು ಕೆಲಸ ಬಿಟ್ಟು ಮುದ್ದೇಬಿಹಾಳದ ತಂಗಿಯ ಮನೆಗೆ ಹೋದರು. ನಾವು ಬಸ್ಸಿಗೆ ಬಿಡಲು ಹೋದಾಗ ಚರ್ಚಿನ ಹೆಂಗಸೊಬ್ಬರು, “ಈಸ್ಟರ್‌ಗೆ ಬರ್ರಿ ಅಕ್ಕಾ, ದಾನಿಯೇಲನ ಹತ್ರ ದೀಪ ಹಚ್ಚೂಣು,” ಎಂದು ಕೈ ಹಿಡಿದರು. “ನೀವು ಹಚ್ರಿ,” ಎಂದು ಎಸ್ತರಬಾಯಿ ಕೈ ಬಿಡಿಸಿಕೊಂಡರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಈ ವರ್ಷ ಈಸ್ಟರ್ ಆರಾಧನೆ ಮುಗಿದ ಮೇಲೆ ಪಾಸ್ಟರು ಯೇಸುವಿನ ನೆನಪಿನಲ್ಲಿ ಚರ್ಚಿನವರು ಸ್ವೀಕರಿಸುವ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸವನ್ನು ಅವರಿಗೆ ಕೊಡಲೆಂದು ತೆಗೆದುಕೊಂಡು ಮುದ್ದೇಬಿಹಾಳಕ್ಕೆ ಹೋಗಿದ್ದರು. ಪಾಸ್ಟರೇ ಆಮೇಲೆ ನನಗೆ ಹೇಳಿದಂತೆ, ಎಸ್ತರಬಾಯಿ ಚಹಾ ಮಾಡಿಕೊಟ್ಟರು. ಇಂಡಿಯ ಒಬ್ಬೊಬ್ಬರ ಆರೋಗ್ಯ ವಿಚಾರಿಸಿದರು. ಪಾಸ್ಟರು ಪ್ರಾರ್ಥನೆಗೆಂದು ಎದ್ದು ನಿಂತಾಗ ಒಳಗೆ ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡರು. ಪಾಸ್ಟರು ಒಂದು ತಾಸು ಕಾದರು. ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಸಂಜೆಯ ಬಸ್ಸಿಗೆ ಇಂಡಿಗೆ ಮರಳಿದರು.