ಶವಾಗಾರದ ಮುಂದೆ ಕುಳಿತ ನಟ

ಹರವೆಯ ಮರಿತಾಯಮ್ಮ ಗುಂಡ್ಲುಪೇಟೆಯ ಆಸ್ಪತ್ರೆಯೊಂದರಲ್ಲಿ ಆಯಾ. ಅಂದು ಬೆಳಿಗ್ಗೆ ಶವಾಗಾರದ ಮುಂದೆ ನೆಲ ಒರೆಸುತ್ತಿದ್ದಾಗ, ಗೋಡೆಗೊರಗಿ ಕುಳಿತಿದ್ದವನನ್ನು ಗುರುತಿಸಿದಳು. ಟಿವಿಯಲ್ಲಿ ಅವಳು ನೋಡುತ್ತಿದ್ದ ಸಿನಿಮಾ ನಟ ಅಭಿರಾಜ್. ಊಟಿ ರಸ್ತೆಯಲ್ಲಿ ಅವನು ಓಡಿಸುತ್ತಿದ್ದ ಕಾರು ಮರಕ್ಕೆ ಗುದ್ದಿ, ಪಕ್ಕದಲ್ಲಿದ್ದ ತಮ್ಮ ತೀರಿಕೊಂಡಿದ್ದ.

ಸುದ್ದಿ ಹರಡಿ ಜನ ಮೊಬೈಲ್ ಹಿಡಿದು ನುಗ್ಗಿದರು.

"ಸಾರ್, ಒಂದೇ ಒಂದು ಸೆಲ್ಫಿ!" ಎಂದು ಒಬ್ಬ ಅವನ ಹೆಗಲ ಮೇಲೆ ಕೈ ಹಾಕಿದ. ಅಭ್ಯಾಸಬಲದಿಂದ ಅಭಿರಾಜ್ ಮೊಬೈಲಿನ ಕಡೆ ನೋಡಿ ನಕ್ಕುಬಿಟ್ಟ.

"ತಮ್ಮನ ಹೆಣ ಒಳ್ಗದೆ ಕಣ್ರಲಾ! ಓಗ್ರಲಾ ಆಚ್ಗೆ!" ಎಂದು ಮರಿತಾಯಮ್ಮ ನೆಲ ಒರೆಸುವ ಕೋಲೆತ್ತಿ ಎಲ್ಲರನ್ನೂ ಅಟ್ಟಿದಳು.

"ಓದ್ರು ಬುಡಪ್ಪ, ಈಗ ಅತ್ಬುಡು," ಎಂದಳು.

ಅವನು ಬಿಕ್ಕಿ ಬಿಕ್ಕಿ ಅತ್ತ. ಕಿಟಕಿಯಾಚೆ ಯಾರೋ ಅದನ್ನೂ ವಿಡಿಯೋ ಮಾಡುತ್ತಿದ್ದರು. ಮರಿತಾಯಮ್ಮ ಕಿಟಕಿಗೆ ಬೆನ್ನು ಕೊಟ್ಟು ಅಡ್ಡ ನಿಂತಳು.