ಗೋಡೆಯೊಳಗಿನ ಅಜ್ಜಿ

ಕಮಲಮ್ಮ ಟೀಚರ್ ಕೈವಾರದ ಶಾಲೆಯಲ್ಲಿ ಮಗ್ಗಿ ಹೇಳಿಸಿದರೆ ಬಸ್ಸಿಗೆ ಕಾದು ನಿಂತವರಿಗೂ ಬಾಯಿಪಾಠವಾಗುತ್ತದೆ ಎಂದು ಊರವರು ನಗುತ್ತಿದ್ದರು. ನಿವೃತ್ತರಾಗಿ ಚಿಂತಾಮಣಿಯ ಮನೆ ಸೇರಿದ ಮೇಲೂ ಆ ದನಿ ತಗ್ಗಲಿಲ್ಲ. ಆಮೇಲೆ ಗಂಟಲಲ್ಲಿ ಗಡ್ಡೆ ಕಾಣಿಸಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ಡಾಕ್ಟರು. ಆಪರೇಷನ್ನಿಗೆ ಮುಂಚೆ ಮಗ ಅಚ್ಯುತ್ ತಾಯಿಯ ಮುಂದೆ ಫೋನು ಹಿಡಿದ.

"ದಿನಾ ಸಂಜೆ ಕೂಗ್ತೀಯಲ್ಲಮ್ಮ, ಅದನ್ನೇ ಒಂದ್ಸಲ ಹೇಳು."

"ಹಿತ್ತಲ ಬಾಗಿಲು ಹಾಕ್ರಪ್ಪ, ದೀಪ ಹಚ್ಚೋ ಹೊತ್ತಾಯ್ತು. ಮಹತೀ, ರಾ ಬಂಗಾರು, ಒಳಗ್ ಬಾ."

ಮುಂದೆ ದೀಪ ಹಚ್ಚುವಾಗ ಹಿಂದಿನ ಬಾಗಿಲು ತೆರೆದಿದ್ದರೆ ಬಂದ ಲಕ್ಷ್ಮಿ ಹಾಗೇ ಹೊರಟುಹೋಗುತ್ತಾಳೆಂದು ಆಕೆ ಒಂದು ಸಂಜೆಯೂ ಅದನ್ನು ತಪ್ಪಿಸಿದವರಲ್ಲ.

ಆಪರೇಷನ್ ಮುಗಿದು ಅಮ್ಮ ಮಾತಿಲ್ಲದೆ ಮನೆಗೆ ಬಂದ ಮೇಲೆ, ಮಾತು ಕೇಳಿ ಕೆಲಸ ಮಾಡುವ ಸ್ಪೀಕರುಗಳನ್ನು ಅಚ್ಯುತ್ ಗೋಡೆಗೋಡೆಗೂ ಕೂರಿಸಿ, ಹಿತ್ತಲ ಬಾಗಿಲ ಬೀಗ, ಜಗಲಿಯ ಲೈಟು ಎಲ್ಲವನ್ನೂ ಅವಕ್ಕೆ ಜೋಡಿಸಿದ. ಸೂರ್ಯ ಮುಳುಗಿದರೆ ಸಾಕು, ಫೋನಿನಲ್ಲಿ ಹಿಡಿದಿಟ್ಟ ಅಮ್ಮನ ದನಿ ನಡುಮನೆಯಲ್ಲಿ ಏಳುತ್ತಿತ್ತು, ಅದರ ಬೆನ್ನಿಗೇ ಅಡುಗೆಮನೆಯಲ್ಲಿ, ಆಮೇಲೆ ಕೋಣೆಯಲ್ಲಿ, ಯಾರೋ ಕೂಗುತ್ತ ನಡೆದು ಹೋದ ಹಾಗೆ. ಹಿತ್ತಲ ಬೀಗ ತಾನೇ ಬೀಳುತ್ತಿತ್ತು.

ಪಕ್ಕದ ಮನೆಯ ವೆಂಕಟರತ್ನಮ್ಮ ಓಡಿ ಬಂದರು. "ನಿಮ್ಮತ್ತೆಗೆ ಮಾತು ಬಂತೇನೇ?" ಸೊಸೆ ಶ್ರೀವಲ್ಲಿ ವಿಷಯ ಹೇಳಿದಾಗ ಅವರ ಮುಖ ಬಿಳುಚಿತು. "ಬದುಕಿರೋರ್ನ ಹಿಂಗೆ ಗೋಡೆಗೆ ಸೇರಿಸ್ತಾರೇನಮ್ಮ?"

ಅಂದಿನಿಂದ ಸಂಜೆಯಾಗುತ್ತಲೇ ಶ್ರೀವಲ್ಲಿ ಮಗಳ ಮೇಲೆ ಕಣ್ಣಿಟ್ಟಿರುತ್ತಿದ್ದಳು. ಆಗಷ್ಟೇ ಮಾತು ಕಲಿಯುತ್ತಿದ್ದ ಮಹತಿ, ಅಜ್ಜಿಯ ದನಿ ಕೇಳಿದೊಡನೆ ಓಡಿ ಗೋಡೆಗೆ ಕಿವಿ ಆನಿಸುತ್ತಿದ್ದಳು. ಕುರ್ಚಿಯಿಂದ ಕಮಲಮ್ಮ ಕೈಚಾಚಿದರೆ, ಆಪರೇಷನ್ನಿನ ತೂತು ಮುಚ್ಚಲು ಕೊರಳಿಗೆ ಕಟ್ಟಿದ ಬಟ್ಟೆಯನ್ನೂ ಅದರೊಳಗಿಂದ ಸುಯ್ಯೆನ್ನುವ ಉಸಿರನ್ನೂ ಕಂಡು ಅಮ್ಮನ ಹಿಂದೆ ಅಡಗುತ್ತಿದ್ದಳು.

"ಅಜ್ಜಿ ಕರೀತಿದಾರೆ, ಹೋಗಮ್ಮ," ಎಂದಳು ಶ್ರೀವಲ್ಲಿ.

"ಇದು ಅಜ್ಜಿ ಅಲ್ಲ." ಮಗು ಗೋಡೆ ತೋರಿಸಿತು. "ಅಜ್ಜಿ ಅಲ್ಲಿದಾರೆ."

ಕಮಲಮ್ಮ ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡರು.

"ಅದನ್ನ ತೆಗೆದುಬಿಡ್ರಿ," ಗಂಡನಿಗೆ ಹೇಳಿದಳು ಶ್ರೀವಲ್ಲಿ. "ಮಗೂಗೆ ಏನಾದ್ರೂ ಆಗ್ಬಿಟ್ರೆ?"

"ಅಮ್ಮನ ದನಿ ಕಣೇ. ಉಳಿದಿರೋದು ಅದೊಂದೇ."

"ಅಮ್ಮನೇ ಉಳಿದಿದಾರಲ್ರೀ."

ಕಮಲಮ್ಮ ಸ್ಲೇಟು ಎಳೆದುಕೊಂಡು ದುಂಡಗೆ ಬರೆದರು: "ನಾಳೆಯಿಂದ ನಾನೇ ಕೂಗುತ್ತೇನೆ."

ಮರುದಿನ ಆಕೆ ಒಂದೊಂದೇ ಸ್ಪೀಕರಿನ ವೈರು ಕಿತ್ತರು. ಕತ್ತಲಾಗುತ್ತ ಬಂತು. ಮನೆ ಸದ್ದಿಲ್ಲದೆ ನಿಂತಿತ್ತು. ಮಹತಿ ಗೋಡೆಯ ಮುಂದೆ ಕಾದಳು, "ಅಜ್ಜೀ" ಎಂದಳು, ಕಿವಿಯಿಟ್ಟಳು. ತುಟಿ ನಡುಗತೊಡಗಿತು. ಇದ್ದೊಬ್ಬ ಅಜ್ಜಿಯನ್ನೂ ಮಗುವಿನಿಂದ ಕಿತ್ತುಕೊಂಡೆವೇನೋ ಎಂದುಕೊಂಡಳು ಶ್ರೀವಲ್ಲಿ.

ತರಗತಿಯಲ್ಲಿ ತಟ್ಟುತ್ತಿದ್ದ ಹಾಗೆ ಕಮಲಮ್ಮ ಚಪ್ಪಾಳೆ ತಟ್ಟಿದರು. ಮಗು ತಿರುಗಿತು. ಆಕೆ ಹಿತ್ತಲ ಬಾಗಿಲಿಗೆ ಬೆರಳು ತೋರಿಸಿ, ಅಕ್ಷರ ಕಲಿಸುವವರಂತೆ ನಿಧಾನವಾಗಿ ತುಟಿ ಆಡಿಸಿದರು. ಉಸಿರು ಮಾತ್ರ ಸುಯ್ಯೆಂದಿತು. ಮಹತಿ ಆ ತುಟಿಗಳನ್ನೇ ನೋಡುತ್ತ ನಿಂತಳು.

"ಹಿತ್ತಲ ಬಾಗಿಲು ಹಾಕ್ರಪ್ಪ."

ಅದೇ ಎಳೆತ, ಅದೇ ಗದರಿಕೆ. ಆಡುತ್ತಿದ್ದದ್ದು ಅಜ್ಜಿಯ ತುಟಿ, ಬಂದದ್ದು ಮಗುವಿನ ಬಾಯಿಂದ.

ಕಮಲಮ್ಮ ಕೈಯಾರೆ ಚಿಲಕ ಹಾಕಿ ದೀಪ ಹಚ್ಚಿ ಕೂತರು. ಮಹತಿ ಮೆಲ್ಲಗೆ ಹತ್ತಿರ ಬಂದು, ಒಮ್ಮೆ ಗೋಡೆಯನ್ನು ತಿರುಗಿ ನೋಡಿ, ಕೊರಳಿನ ಬಟ್ಟೆಗೆ ಕಿವಿ ಆನಿಸಿದಳು.

"ಇಲ್ಲಿದೀಯಾ ಅಜ್ಜೀ?"

ಬಟ್ಟೆಯೊಳಗಿಂದ ಉಸಿರು ಸುಯ್ಯೆಂದಿತು. ಮಗು ಕಿವಿ ತೆಗೆಯಲಿಲ್ಲ.